ತಿರುಗಿ ಬಂದ ಕೆಲಸ

ಪಂಡರಿ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಲಾರಿಯ ಬ್ಯಾಟರಿಯಾಗಲಿ, ಒಲೆಯ ಮೇಲಿನ ಹಂಚಾಗಲಿ, ಜ್ವರ ಬಂದ ಮಗಳ ಹಣೆಯಾಗಲಿ, ಮೊದಲು ಹಿಂಗೈ ಹೋಗುತ್ತಿತ್ತು, ಆಮೇಲೆ ಅಂಗೈ. ಕರೆಂಟು ಹರಿಯುವ ತಂತಿಯನ್ನು ಅಂಗೈಯಲ್ಲಿ ಹಿಡಿದರೆ ಬೆರಳು ಮುಚ್ಚಿಕೊಳ್ಳುತ್ತವೆ, ಬಿಡುವುದಿಲ್ಲ. ಹಿಂಗೈಯಾದರೆ ಕೈ ತಾನೇ ಜಾಡಿಸಿ ದೂರ ಸರಿಯುತ್ತದೆ ಎಂದು ಅವನ ಗುರು ಕಲಿಸಿದ್ದ. ಗುರು ಕಲಿಸಿದ್ದು ಕೆಲಸಕ್ಕೆ. ಪಂಡರಿ ಅದನ್ನು ಬದುಕಿಗೆಲ್ಲ ಹಚ್ಚಿಕೊಂಡ. ಮದುವೆಯ ಹೊಸತರಲ್ಲಿ ಮೀರಾಬಾಯಿಯ ಕೆನ್ನೆಯನ್ನೂ ಅವನು ಹಾಗೆಯೇ ಮುಟ್ಟಿದ್ದ. ಆಕೆ ಆರು ತಿಂಗಳು ಮನಸ್ಸಿನಲ್ಲಿಟ್ಟುಕೊಂಡಿದ್ದು ಒಂದು ದಿನ ಕೇಳಿಯೇಬಿಟ್ಟಳು.

"ನಾ ಏನ್ ಕರೆಂಟಿನ ವೈರೇನ್ರಿ?"

ಅವನು "ಅದು ಬಿಡು," ಅಂದ. "ಗೊತ್ತಿಲ್ಲದ್ದನ್ನ ಹಂಗೇ ಮುಟ್ಟಬೇಕು."

ಅವನ ಕಡೆಯ ಒಳ್ಳೆಯ ದಿನ ಒಂದು ಬುಧವಾರ. ಸಂಕ್ರಾಂತಿ ಕಳೆದು ವಾರವಾಗಿತ್ತು. ಹುಮನಾಬಾದಿನ ಹೆದ್ದಾರಿಯ ಮಗ್ಗುಲಿಗೆ ಅವನ ತಗಡಿನ ಅಂಗಡಿ, ಅಂಗಡಿಯ ಬೆನ್ನಿಗೆ ಮನೆ. ಲಾರಿ, ಟ್ರ್ಯಾಕ್ಟರು, ಜೀಪುಗಳ ಕರೆಂಟಿನ ಕೆಲಸವಷ್ಟೇ ಅವನದು. ಎಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ. ಕಬ್ಬಿನ ಹಂಗಾಮು ನಡೆದಿತ್ತು. ಹಿಂದಿನ ದೀಪ ಹತ್ತದ ಟ್ರ್ಯಾಲಿಗಳನ್ನು ಪೊಲೀಸರು ತಡೆಯುತ್ತಾರೆಂದು ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಮೀರಾಬಾಯಿ ಒಂದೊಂದರ ಸೀಟು ಹತ್ತಿ ಕುಳಿತು ಬ್ರೇಕು ಒತ್ತಿದಳು. ಅವನು ಹಿಂದಿನಿಂದ "ಒತ್ತು" ಅಂದಾಗ ಒತ್ತುವುದು, "ಬಿಡು" ಅಂದಾಗ ಬಿಡುವುದು. ಇಪ್ಪತ್ತಾರು ವರ್ಷ ಗಂಡಹೆಂಡತಿ ಹಗಲಿನಲ್ಲಿ ಆಡಿದ ಮಾತು ಹೆಚ್ಚುಕಡಿಮೆ ಈ ಎರಡೇ. ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ. ಸಂಜೆ ಬಸವಕಲ್ಯಾಣದಿಂದ ಓಂಪ್ರಕಾಶನ ಫೋನು ಬಂತು. ಅಲ್ಲಿಯ ಕೆರೆಯಲ್ಲಿ ಮಂದಿಯನ್ನು ದೋಣಿಯಲ್ಲಿ ಸುತ್ತಾಡಿಸುವ ಗುತ್ತಿಗೆ ಹಿಡಿದವನು ಅವನು. ದೋಣಿಯ ಮೋಟಾರು ಮೇಲೇಳುತ್ತಿಲ್ಲ ಎಂದ.

ಪಂಡರಿ ಕೇಳಿದ್ದು ಒಂದೇ. "ಅದು ಬಿಡ್ರಿ. ಕಡೀಕ ಚಲೋ ಇದ್ದದ್ದು ಯಾವತ್ತು?"

ಆಮೇಲೆ ಹೆಂಡತಿಗೆ, "ನಾಳಿ ಎರಡು ರೊಟ್ಟಿ ಜಾಸ್ತಿ ಕಟ್ಟು, ದೋಣಿ ನಡಸೋ ಸೋಹೇಲಗೂ ಬೇಕಾಗ್ತಾವ," ಅಂದ. ಉಂಡ. ಮಲಗಿದ. ಇಷ್ಟೇ. ಹೇಳಿಕೊಳ್ಳುವಂಥದ್ದು ಆ ದಿನ ಏನೂ ಆಗಲಿಲ್ಲ.

ಆದರೂ ಹೇಳಬೇಕಾದದ್ದು ಆ ದಿನದಿಂದಲೇ. ಅದು ಪಂಡರಿಯ ಪದ್ಧತಿ. ಕೆಟ್ಟ ಗಾಡಿ ತಂದವನು ಏನೇನು ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದರೆ ಇವನು ಕೈಯೆತ್ತಿ ತಡೆಯುತ್ತಿದ್ದ. ಕಡೆಯ ಸಲ ಸರಿಯಾಗಿ ನಡೆದ ದಿನ ಯಾವುದು, ಆ ದಿನ ಗಾಡಿ ಎಲ್ಲಿ ನಿಂತಿತ್ತು, ಮಳೆ ಬಂದಿತ್ತೇ, ಯಾರು ತೊಳೆದರು, ಏನು ಹೇರಿದ್ದರು, ಇದನ್ನೆಲ್ಲ ಹೇಳಿಸಿಕೊಂಡೇ ಬಾನೆಟ್ಟು ತೆಗೆಯುತ್ತಿದ್ದ. ಕೆಟ್ಟ ದಿನದಿಂದ ಹಿಂದಕ್ಕೆ ಹೋದರೆ ದಾರಿ ತಪ್ಪುತ್ತದೆ, ಒಳ್ಳೆಯ ದಿನದಿಂದ ಮುಂದಕ್ಕೆ ಬಂದರೆ ಕಳ್ಳ ನಡುವೆ ಎಲ್ಲೋ ಸಿಗುತ್ತಾನೆ ಎಂಬುದು ಅವನ ನಂಬಿಕೆ. ಅವಸರದ ಡ್ರೈವರುಗಳು ಬೈಯುತ್ತಿದ್ದರು. ಅವನಿಗೆ ಬೈಗುಳ ತಾಗುತ್ತಿರಲಿಲ್ಲ.

ನೋಡಲು ಅಂಥ ಮನುಷ್ಯನೇನಲ್ಲ. ಕುಳ್ಳು. ಕೊಹಿನೂರಿನ ಒಕ್ಕಲು ಮನೆಯವನು. ಹೊಲ ಅಣ್ಣಂದಿರಿಗೆ ಬಿಟ್ಟು ಹದಿನಾರಕ್ಕೇ ಹೆದ್ದಾರಿಗೆ ಬಂದಿದ್ದ. ನಡೆಯುವಾಗ ತಲೆ ಒಂದು ಮಗ್ಗುಲಿಗೆ ವಾಲಿರುತ್ತಿತ್ತು, ದೂರದಲ್ಲೆಲ್ಲೋ ಯಾವುದೋ ಯಂತ್ರ ತಪ್ಪು ಸದ್ದು ಮಾಡುತ್ತಿದೆ, ಅದನ್ನು ಕೇಳಿಸಿಕೊಳ್ಳುತ್ತ ಹೊರಟಿದ್ದಾನೆ ಎನ್ನುವ ಹಾಗೆ. ಬೇಸಿಗೆಯಲ್ಲೂ ಮೈಮೇಲೆ ಒಂದು ಖಾಕಿ ಕೋಟು. ಅದಕ್ಕೆ ದರ್ಜಿ ಹೊಲಿದ ಕಿಸೆ ಮೂರು, ಮೀರಾಬಾಯಿ ಹೊಲಿದದ್ದು ಎಂಟು. ಒಂದರಲ್ಲಿ ಫ್ಯೂಜು, ಒಂದರಲ್ಲಿ ಸಣ್ಣ ಚಾಕು, ಒಂದರಲ್ಲಿ ಎರಡು ವೈರು ಕಟ್ಟಿದ ಬಲ್ಬು, ಒಂದರಲ್ಲಿ ಹುರಿದ ಶೇಂಗಾ. ಒಗೆಯುವ ಮೊದಲು ಹನ್ನೊಂದೂ ಕಿಸೆ ಖಾಲಿ ಮಾಡುವಷ್ಟರಲ್ಲಿ ಆಕೆಯ ಬೆರಳಿಗೆ ಒಂದಾದರೂ ತಾಮ್ರದ ಎಳೆ ಚುಚ್ಚದೆ ಇರುತ್ತಿರಲಿಲ್ಲ.

ಹೊಸ ಸಾಮಾನು ಹಾಕುವುದೆಂದರೆ ಅವನಿಗೆ ಸೋತ ಹಾಗೆ. "ಸಾಮಾನು ಕೆಟ್ಟಿಲ್ರಿ, ದಾರಿ ಕೆಟ್ಟದ," ಅನ್ನುತ್ತಿದ್ದ. ಕರೆಂಟು ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಮರಳಿ ಬರುವ ದಾರಿಯನ್ನು ಯಾರೂ ನೋಡುವುದಿಲ್ಲ ಎಂಬುದು ಅವನ ದೂರು. ಬ್ಯಾಟರಿಯ ಮೇಲೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡು ಬರುವ ಡ್ರೈವರುಗಳನ್ನು ಕಂಡರೆ ಮಾತ್ರ ಅವನ ತಾಳ್ಮೆ ತಪ್ಪುತ್ತಿತ್ತು.

"ದೇವ್ರಿಗಿ ಬಂಪರ್ ಮ್ಯಾಲ ಜಾಗಾ ಕೊಡ್ರೋ. ಟರ್ಮಿನಲ್ ಮ್ಯಾಲ ಯಾಕ ಕೂಡಸ್ತೀರಿ? ಲಿಂಬಿ ಹುಳಿ ತಾಮ್ರ ತಿಂತದ. ದೇವ್ರು ಬ್ಯಾಡಂದ್ರೂ ತಿಂತದ."

ಅವನ ಇನ್ನೊಂದು ಹಟವನ್ನು ಹೆದ್ದಾರಿಯ ಮಂದಿ ಹುಚ್ಚು ಎಂದೇ ತಿಳಿದಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವನು ಮಾಡಿದ ಕೆಲಸ ಮೂರು ಸಲ ತಿರುಗಿ ಬಂದಿತ್ತು. ಒಮ್ಮೆ ಹಾಲಿನ ಗಾಡಿಯ ದೀಪ ಮನ್ನಾಏಖೇಳ್ಳಿ ದಾಟುವಷ್ಟರಲ್ಲಿ ಆರಿ ಗಾಡಿ ಹೊಲಕ್ಕೆ ಇಳಿದಿತ್ತು. ಒಮ್ಮೆ ಮದುವೆಯ ಬ್ಯಾಂಡಿನವರ ಜನರೇಟರು ನಡುರಸ್ತೆಯಲ್ಲಿ ನಿಂತು, ಮದುಮಗ ಕುದುರೆಯ ಮೇಲೆ ಕತ್ತಲಲ್ಲಿ ಅರ್ಧ ತಾಸು ಕುಳಿತಿದ್ದ. ಮೂರನೆಯದು ಸ್ವಂತ ಅಣ್ಣನ ಟ್ರ್ಯಾಕ್ಟರು. ಈ ಮೂರನ್ನೂ ಅವನು ಹೊಸ ಗಿರಾಕಿ ಬಂದು ಕುಳಿತ ಕೂಡಲೇ, ಯಾರೂ ಕೇಳದಿದ್ದರೂ, ಸತ್ತವರ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಿದ್ದ. ಎಲ್ಲಿ ತಪ್ಪಿದೆ, ಯಾವ ವೈರು ಬಿಗಿಯಾಗಿ ಸುತ್ತಿರಲಿಲ್ಲ, ಎಲ್ಲವನ್ನೂ. ಪಕ್ಕದ ಪಂಕ್ಚರ್ ಅಂಗಡಿಯ ಸಲಾವುದ್ದೀನ್ ಚಾಚಾ ನಗುತ್ತಿದ್ದ.

"ಏ ಪಂಡರಿ, ಗಿರಾಕಿ ಕುಂತ ಕೂಡ್ಲೇ ನಿನ್ನ ಮೂರು ಹೆಣದ ಮಯ್ಯತ್ ಹೊರಗ ತೆಗೀತಿ. ನಾಕು ಚಲೋ ಮಾತೂ ಹೇಳೋ ಮಾರಾಯಾ."

"ಅದು ಬಿಡ್ರಿ ಚಾಚಾ. ಚಲೋ ಆಗಿದ್ದು ಗಾಡೀನೇ ಹೇಳ್ತದ. ಕೆಟ್ಟದ್ದು ನಾ ಹೇಳ್ಬೇಕು."

ದೋಣಿ ಬಂದದ್ದು ಎರಡು ವರ್ಷದ ಹಿಂದೆ. ಓಂಪ್ರಕಾಶ ಮುಂಬಯಿ ಕಡೆಯಿಂದ ಹಳೆಯ ದೋಣಿ, ಹಳೆಯ ಮೋಟಾರು ತಂದಿದ್ದ. ಮೋಟಾರು ದೋಣಿಯ ಬೆನ್ನಿಗೆ ಜೋತುಬಿದ್ದಿರುತ್ತದೆ, ತುದಿಗೆ ಪಂಖಾ ನೀರಿನೊಳಗೆ ತಿರುಗುತ್ತದೆ. ಇಡೀ ಮೋಟಾರನ್ನೇ ಮೇಲೆ ಎತ್ತಲು, ಕೆಳಗೆ ಇಳಿಸಲು ಒಂದು ಸ್ವಿಚ್ಚು. ಅದಕ್ಕೆ ಟ್ರಿಮ್ ಅನ್ನುತ್ತಾರೆ. ಸಮುದ್ರದಲ್ಲಿ ಅದರ ಉಪಯೋಗ ಏನೋ, ಬಸವಕಲ್ಯಾಣದ ಆ ಕೆರೆಯಲ್ಲಿ ಮಾತ್ರ ಅದು ಪ್ರಾಣ. ನೀರಿನ ತುಂಬ ಬಳ್ಳಿ, ಜೊಂಡು. ಪಂಖಾಕ್ಕೆ ಬಳ್ಳಿ ಸುತ್ತಿಕೊಂಡಾಗಲೆಲ್ಲ ಮೋಟಾರನ್ನು ನೀರಿನಿಂದ ಮೇಲೆತ್ತಿ ಬಿಡಿಸಬೇಕು. ಎತ್ತಲು ಬಾರದಿದ್ದರೆ ದೋಣಿ ಅಲ್ಲಿಯೇ.

ಎರಡೂ ಊರಿನಲ್ಲಿ ಅದನ್ನು ತಿಳಿದವರಿರಲಿಲ್ಲ. ಯಾರೋ ಪಂಡರಿಯ ಹೆಸರು ಹೇಳಿದರು. ಬಾವಿಯ ನೀರಿಗೂ ಹೆದರುವ, ಈಜು ಬಾರದ ಮನುಷ್ಯ ಮೂರು ದಿನ ದಂಡೆಯ ಮೇಲೆ ಆ ಮೋಟಾರಿನ ಮುಂದೆ ಕುಳಿತು, ನಾಲ್ಕನೆಯ ದಿನ ಮನೆಗೆ ಬಂದು ಹೆಂಡತಿಗೆ ವಿವರಿಸಿದ. "ಟಿಪ್ಪರಿನ ಹಂಗೇ ಅದ. ಅಲ್ಲಿ ಡಬ್ಬಿ ಏಳ್ತದ, ಇಲ್ಲಿ ಮೋಟಾರು ಏಳ್ತದ. ಎಣ್ಣಿ ನೂಕೋ ಪಂಪು ಒಂದು, ಏಳಸೋ ರಿಲೇ ಒಂದು, ಇಳಸೋ ರಿಲೇ ಒಂದು. ಹೆದರೂದೇನದ?" ಹೆದರಿದ್ದು ಮೀರಾಬಾಯಿ. ಗಂಡ ನೀರಿನ ಮೇಲಿನ ಕೆಲಸ ಹಿಡಿದನಲ್ಲ ಎಂಬ ದಿಗಿಲು ಆಕೆಗೆ. ಕಳೆದ ಮಹಾನವಮಿಯ ಪೂಜೆಗೆ ಓಂಪ್ರಕಾಶ ಕರೆದಾಗ ತಾನೂ ಹೋಗಿ, ದೋಣಿಗೂ ಮೋಟಾರಿಗೂ ತಾನೇ ಕುಂಕುಮ ಹಚ್ಚಿ, ಆರತಿ ಎತ್ತಿ ಬಂದಿದ್ದಳು.

ಗುರುವಾರ ಅವನು ಮುಂಜಾನೆಯ ಬಸ್ಸಿಗೆ ಹೋದ. ಆಮೇಲಿನದನ್ನು ಸೋಹೇಲ ಹೇಳಿದ್ದು. ಸೋಹೇಲ ನಲವತ್ತರ ಆಳು, ಮೂರು ಮಕ್ಕಳ ತಂದೆ, ಸುಳ್ಳು ಹೇಳುವವನಲ್ಲ. ಸ್ವಿಚ್ಚಿನೊಳಗೆ ಏಳಿಸುವ ವೈರು ತುಂಡಾಗಿತ್ತು. ಪಂಡರಿ ಅದನ್ನು ಜೋಡಿಸಿದ. ದಂಡೆಯಲ್ಲಿ ಹತ್ತು ಸಲ ಏಳಿಸಿದ, ಹತ್ತು ಸಲ ಇಳಿಸಿದ. ಇಬ್ಬರೂ ರೊಟ್ಟಿ ತಿಂದರು. ಒಂದು ಸುತ್ತು ಹೋಗಿ ಬರೋಣ ಎಂದು ನೀರಿಗೆ ಬಿಟ್ಟರು. ಜೊಂಡಿನ ನಡುವೆ ಪಂಖಾ ಸಿಕ್ಕಿತು. ಸ್ವಿಚ್ಚು ಒತ್ತಿದರೆ ಟಿಕ್ ಎಂದು ಸದ್ದು, ಅಷ್ಟೇ, ಮೋಟಾರು ಅಲುಗಲಿಲ್ಲ. ಕೈಯಿಂದ ಎತ್ತಲು ಒಂದು ತಿರುಪು ಬಿಚ್ಚಬೇಕು, ಅದೂ ಬಿಗಿದುಕೊಂಡಿತ್ತು. ಸೋಹೇಲ ತಾನು ಇಳಿಯುತ್ತೇನೆಂದು ಅಂಗಿ ಬಿಚ್ಚತೊಡಗಿದ್ದ. ಪಂಡರಿ ಅವನ ಭುಜ ಹಿಡಿದು ಕೂರಿಸಿದ.

"ನನ್ನ ಕೆಲಸ ತಿರುಗಿ ಬಂದದ. ನಾನೇ ಇಳೀತೀನಿ. ಎದಿಮಟ್ಟ ನೀರದ, ಏನಾಗ್ತದ?"

ಕೋಟು ಬಿಚ್ಚಿ ಸೋಹೇಲನ ಕೈಗೆ ಕೊಟ್ಟ. ಬಗ್ಗಲು ಅಡ್ಡಿಯಾಗುತ್ತದೆಂದು ತೇಲುವ ಜಾಕೀಟೂ ತೆಗೆದ. ಇಳಿದ. ನೀರು ಎದೆಮಟ್ಟವೇ ಇತ್ತು. ಅದರ ಕೆಳಗಿನ ಕೆಸರು ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಸೋಹೇಲ ಹಿಂದೆಯೇ ಹಾರಿದ, ಬಳ್ಳಿಯಲ್ಲಿ ತಾನೂ ಸಿಕ್ಕಿಬಿದ್ದ. ಮೀನು ಹಿಡಿಯುವವರು ಬಂದು ಇಬ್ಬರನ್ನೂ ಎಳೆದರು. ಒಬ್ಬ ಬದುಕಿದ್ದ.

ಹದಿಮೂರನೆಯ ದಿನ ಓಂಪ್ರಕಾಶ ಬಂದ. ಕೆಟ್ಟವನಲ್ಲ. ಕಣ್ಣೊರೆಸಿಕೊಂಡ. ಹೊರಗೆ ಸಲಾವುದ್ದೀನನ ಜೊತೆ ಚಹಾ ಕುಡಿಯುತ್ತ ಆಡಿದ ಮಾತು ತಗಡಿನ ಈಚೆ ಕುಳಿತ ಮೀರಾಬಾಯಿಗೆ ಕೇಳಿಸಿತು.

"ಮುಂಜಾನಿ ಮಾಡಿದ್ದು ಮಧ್ಯಾಹ್ನಕ್ಕ ಕೈ ಕೊಡ್ತು ಚಾಚಾ. ವಯಸ್ಸಾಗಿತ್ತು. ಕೈ ಮೊದಲಿನಂಗ ಇರಲಿಲ್ಲ ಕಾಣಸ್ತದ."

ಆ ಮಾತು ಹೆದ್ದಾರಿಗುಂಟ ಹೋಯಿತು. ಆಕೆಯನ್ನು ತಿಂದದ್ದು ಮಂದಿಯ ಮಾತಲ್ಲ. ಮಂದಿ ನಾಳೆ ಬೇರೆ ಮಾತು ಆಡುತ್ತಾರೆ. ಆದರೆ ಅವನು, ತನ್ನ ಕೆಲಸ ತಿರುಗಿ ಬಂತು ಎಂದು ತಿಳಿದೇ ನೀರಿಗೆ ಇಳಿದನಲ್ಲ. ಅದು ನಿಜವೋ ಸುಳ್ಳೋ? ಸುಳ್ಳಾಗಿದ್ದರೆ, ಮಾಡದ ತಪ್ಪನ್ನು ಹೊತ್ತುಕೊಂಡು ಮುಳುಗಿದ. ನಿಜವಾಗಿದ್ದರೆ ಅದನ್ನು ಹೇಳಲು ಈಗ ಅವನಿಲ್ಲ. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ಆಕೆಗೆ ಅನ್ನ ಇಳಿಯಲಿಲ್ಲ.

ಮಗಳು ಪೂನಂ ಇನ್ನೂ ತವರಿನಲ್ಲೇ ಇದ್ದಳು. ತಾಯಿ ಅವನ ಚೀಲಕ್ಕೆ ಬೋಲ್ಟು ಬಿಚ್ಚುವ ಪಾನಾ, ಚಾಕು, ಬಲ್ಬು ತುಂಬುವುದನ್ನು ನೋಡಿ ಗಾಬರಿಯಾದಳು.

"ಅವ್ವಾ, ಎಲ್ಲಿ ಹೊಂಟಿ? ಮಂದಿ ಏನಂದಾರು?"

"ಬಸವಕಲ್ಯಾಣಕ್ಕ. ಆ ಮೋಟಾರು ನೋಡ್ಬೇಕು."

"ನೋಡಿ ಏನ್ ಮಾಡ್ತಿ? ಅಪ್ಪಾ ತಿರುಗಿ ಬರ್ತಾನೇನು?"

"ಅಪ್ಪಾ ಬರೂದಿಲ್ಲ," ಅಂದಳು ಮೀರಾಬಾಯಿ. "ಕೆಲಸ ಬಂದದಲ್ಲ."

ದೋಣಿಯನ್ನು ದಂಡೆಗೆ ಎಳೆದು ಹಾಕಿದ್ದರು. ಹೈದರಾಬಾದಿನ ಮಿಸ್ತ್ರಿಯೊಬ್ಬ ಫೋನಿನಲ್ಲೇ, ಪಂಪು ಸುಟ್ಟಿದೆ, ಪೂರಾ ಹೊಸದು ಹಾಕಬೇಕು ಎಂದು ಹೇಳಿದ್ದನಂತೆ. ಓಂಪ್ರಕಾಶ ಬಿಳಿ ಸೀರೆಯ ಹೆಂಗಸು ಚೀಲ ಹಿಡಿದು ನಿಂತದ್ದನ್ನು ಕಂಡು ಏನು ಹೇಳಬೇಕೋ ತಿಳಿಯದೆ, "ನೋಡ್ರಿ ಬಾಯಿ, ನೋಡ್ರಿ," ಎಂದು ತನ್ನ ಶೆಡ್ಡಿಗೆ ಹೋಗಿ ಕುಳಿತ. ಸೋಹೇಲ ಹತ್ತಿರ ಬಂದ. ಅವನಿಗೆ ಆಕೆಯ ಮುಖ ನೋಡಲಾಗುತ್ತಿರಲಿಲ್ಲ.

"ಭಾಭಿ, ನಿಮಗ ಇದೆಲ್ಲ ಬರ್ತದೇನ್ರಿ?"

"ಬರೂದಿಲ್ಲ. ಒತ್ತಿ ಬಿಡೂದು ಬರ್ತದ. ಇವತ್ತ ನೀ ಒತ್ತು."

ಮೀರಾಬಾಯಿಯ ಓದು ಮೂರನೆಯ ಇಯತ್ತೆ. ಆದರೆ ಇಪ್ಪತ್ತಾರು ವರ್ಷ ಸೀಟಿನಲ್ಲಿ ಕುಳಿತು ಹಿಂದಿನಿಂದ ಬರುವ ಗೊಣಗು ಕೇಳಿದವಳು. ಆಕೆ ಮೊದಲು ಬಲ್ಬು ತೆಗೆದು ಅದರ ಎರಡು ವೈರನ್ನು ಪಂಪಿನ ವೈರಿಗೆ ಹಚ್ಚಿದಳು. ಸೋಹೇಲ ಒತ್ತಿದ. ಟಿಕ್ ಎಂದಿತು. ಬಲ್ಬು ಹೊತ್ತಿತು. ಪಂಪು ತಿರುಗಲಿಲ್ಲ. ಬಲ್ಬನ್ನು ನಂಬಬಾರದು ಎಂದು ಅವನು ಎಷ್ಟು ಸಲ ಹೇಳಿದ್ದನೋ. ಬಲ್ಬು ಬಡವರ ಹಾಗೆ, ಒಂದು ತುತ್ತು ಸಿಕ್ಕರೂ ನಗುತ್ತದೆ. ಪಂಪು ಸಾಹುಕಾರ, ಅದಕ್ಕೆ ಹೊಟ್ಟೆತುಂಬ ಬೇಕು. ಕರೆಂಟು ಇದೆ, ಸಾಲುತ್ತಿಲ್ಲ. ನಡುದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ. ತಿನ್ನುವ ಜಾಗ ಬಿಸಿಯಾಗುತ್ತದೆ.

"ಒತ್ತೇ ಹಿಡಿ. ನಾ ಬಿಡಂದಾಗ ಬಿಡು."

ಬ್ಯಾಟರಿಯ ಎರಡೂ ತುದಿಗೆ ಹಿಂಗೈ ಇಟ್ಟಳು. ತಣ್ಣಗಿದ್ದವು. ಫ್ಯೂಜು ತಣ್ಣಗಿತ್ತು. ಸ್ವಿಚ್ಚಿನಲ್ಲಿ ಅವನು ಹಾಕಿದ ಹೊಸ ಜೋಡಣೆ ಇತ್ತು. ಅದನ್ನು ಮುಟ್ಟುವ ಮೊದಲು ಒಂದು ಗಳಿಗೆ ನಿಂತಳು. ತಣ್ಣಗಿತ್ತು. ಬಿಗಿ ಸುತ್ತು, ಮೇಲೆ ಪಟ್ಟಿ, ಪಟ್ಟಿಯ ತುದಿ ಒಳಕ್ಕೆ ಮಡಚಿದ್ದು. ಅವನ ಕೆಲಸ ಗಟ್ಟಿಯಾಗಿತ್ತು. ಆಕೆಯ ಎದೆ ಹಗುರಾಯಿತು. ಅಲ್ಲಿಗೇ ನಿಲ್ಲಿಸಿ ಬಸ್ಸು ಹಿಡಿದಿದ್ದರೆ ಆಗುತ್ತಿತ್ತು.

ಮೋಟಾರಿನ ಮೇಲಿನ ಟೊಪ್ಪಿ ತೆಗೆದರು. ಪಂಪಿಗೆ ಕರೆಂಟು ದಾಟಿಸುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಎರಡು ಕರಿಯ ರಿಲೇ. ಎರಡೂ ತಣ್ಣಗೆ. ಅವುಗಳಿಂದ ಎರಡು ಕರಿಯ ವೈರು ಹಿಂದಕ್ಕೆ ಹೋಗಿ ಎಂಜಿನ್ನಿನ ಮೈಗೆ ಒಂದೇ ಬೋಲ್ಟಿನಲ್ಲಿ ಕೂಡಿದ್ದವು. ಅದು ಮರಳಿ ಬರುವ ದಾರಿ. ಬೋಲ್ಟು ಮೂಲೆಯಲ್ಲಿತ್ತು, ಕಾಣುತ್ತಿರಲಿಲ್ಲ. ಹಿಂಗೈ ಒಳಗೆ ತೂರಿಸಿದಳು. ಸುಟ್ಟಿತು.

"ಬಿಡು," ಅಂದಳು.

ಬಗ್ಗಿ ನೋಡಿದಳು. ಬೋಲ್ಟಿನ ಸುತ್ತ ಹಸಿರು ಬೂಜು, ಬೆರಳಷ್ಟು ದಪ್ಪ. ವೈರಿನ ತುದಿ ಸವೆದು ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಅದಕ್ಕೆ ಅಂಟಿಕೊಂಡು ಒಂದು ಕಂದು ಬಣ್ಣದ ಒಣ ಉಂಡೆ. ಕರಿಯ ದಾರ. ದಾರಕ್ಕೆ ಮೂರು ಗಂಟು, ಮೂರನೆಯದು ಉಲ್ಟಾ.

ಹಾಗೆ ಉಲ್ಟಾ ಗಂಟು ಹಾಕುವುದು ಆಕೆಯ ತವರಿನ ರೂಢಿ. ಮಹಾನವಮಿಯ ದಿನ, ಗಂಡ ಆಚೆ ಓಂಪ್ರಕಾಶನ ಜೊತೆ ಮಾತಾಡುತ್ತಿದ್ದಾಗ, ತೆರೆದಿಟ್ಟ ಮೋಟಾರಿನೊಳಗೆ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ, ನೀರು ಇವನನ್ನು ಮುಟ್ಟದಿರಲಿ ಎಂದು ಬೇಡಿಕೊಂಡು, ಆ ಬೋಲ್ಟಿಗೇ ಲಿಂಬೆಹಣ್ಣು ಕಟ್ಟಿದ್ದಳು. ಎಂಜಿನ್ನಿನ ಕಾವಿಗೆ ಅದು ಬಿರಿದು ಮೂರು ತಿಂಗಳು ರಸ ಇಳಿಸಿತ್ತು.

ಚಾಕುವಿನಿಂದ ದಾರ ಕತ್ತರಿಸಿ ಅದನ್ನು ಅಂಗೈಗೆ ತೆಗೆದುಕೊಂಡಳು. ಸೋಹೇಲ ಮೆಲ್ಲಗೆ ಮಾತಾಡಿದ. ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದು ಅವನ ಬಾಯಿಂದ ಬಂತು.

"ಭಾಭಿ, ಉಸ್ತಾದ್ ಅದನ್ನ ನೋಡಿದ್ರು. ಹತ್ತನೇ ಸಲ ಮೋಟಾರು ಸ್ವಲ್ಪ ನಿಧಾನ ಎದ್ದಿತ್ತು. ಟೊಪ್ಪಿಗಿ ತೆಗಸಿದ್ರು. ಕೈ ಅಲ್ಲಿ ತನಕ ಒಯ್ದು ಹಿಂದ ತಗೊಂಡ್ರು. ತೆಗೀಲೇನ್ರಿ ಅಂದೆ ನಾ. ಬ್ಯಾಡ, ನಮ್ಮ ಮನ್ಯಾಕಿ ಕಟ್ಟಿದ್ದು, ಇರಲಿ ಅಂದ್ರು. ನಕ್ಕರು."

"ನಕ್ಕರೇನು?"

"ಹೂಂ. ನಾ ನೋಡಿದ್ದು ಅದೊಂದೇ ಸಲ."

ಕೆರೆಯ ನೀರು ಕದಲದೆ ಬಿದ್ದಿತ್ತು. ಶೆಡ್ಡಿನಿಂದ ಓಂಪ್ರಕಾಶ ಎದ್ದು ಬರುತ್ತಿದ್ದ. ಸೋಹೇಲ ಅವಸರದಿಂದ ಕೈ ಚಾಚಿದ.

"ಕೊಡ್ರಿ ಇಲ್ಲಿ, ಕೆರ್ಯಾಗ ಒಗೀತೀನಿ. ಜಂಗು ಹಿಡಿದಿತ್ತಂತ ಹೇಳೋಣು. ಸುಳ್ಳೂ ಅಲ್ಲ ಅದು. ನಿಮ್ಮ ಹೆಸರೂ ಬರೂದಿಲ್ಲ, ಉಸ್ತಾದರ ಹೆಸರೂ ಉಳೀತದ."

ಆಕೆ ಕೊಡಲಿಲ್ಲ. ಕೊಡಬೇಕೆಂದು ಅನ್ನಿಸಿತು, ಬಹಳವೇ ಅನ್ನಿಸಿತು. ಬರೀ ತುಕ್ಕು, ಜಂಗು ಅಂದರೆ ಮುಗಿಯಿತು. ಹೆದ್ದಾರಿಯ ಮಂದಿ ಬಾಯಿ ಮುಚ್ಚುತ್ತಾರೆ, ಪೂನಂ ಅಳುವುದನ್ನು ನಿಲ್ಲಿಸುತ್ತಾಳೆ, ಗಂಡನನ್ನು ಕೊಂದವಳು ಎಂದು ಯಾರೂ ತನ್ನನ್ನು ನೋಡುವುದಿಲ್ಲ. ಆದರೆ ಮದುಮಗನನ್ನು ಕತ್ತಲಲ್ಲಿ ಕೂರಿಸಿದ್ದನ್ನೂ ಬಿಡದೆ ಹೇಳುತ್ತಿದ್ದ ಮನುಷ್ಯನ ಹೆಸರನ್ನು ಸುಳ್ಳಿನಿಂದ ಉಳಿಸಿದರೆ ಉಳಿಯುವುದು ಯಾರ ಹೆಸರು? ಅವನದಂತೂ ಅಲ್ಲ.

"ಏನ್ ಸಿಕ್ತು ಬಾಯಿ?" ಓಂಪ್ರ‌ಕಾಶ ಕೇಳಿದ. "ಪಂಪೇ ಹೋಗ್ಯದಲ್ಲ?"

"ಪಂಪು ಚಲೋ ಅದರಿ. ಇದು ಸಿಕ್ತು." ಅಂಗೈ ಚಾಚಿ ತೋರಿಸಿದಳು. "ಮಹಾನವಮಿಗಿ ನಾ ಕಟ್ಟಿದ್ದು. ಹುಳಿ ಇಳಿದು ವಾಪಸ್ ಬರೂ ವೈರು ತಿಂದದ. ಸ್ವಿಚ್ಚಿನಾಗ ಅವರು ಮಾಡಿದ್ದು ಗಟ್ಟಿ ಅದ. ಆದ್ರ ಇದನ್ನ ಅವರು ನೋಡಿದ್ರು. ತೆಗೀಬೇಕಾಗಿತ್ತು, ತೆಗೀಲಿಲ್ಲ. ನಾ ಕಟ್ಟಿದ್ದಂತ ಬಿಟ್ರು."

ಓಂಪ್ರಕಾಶನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಹಂಗಾದ್ರ," ಅಂದ, ದನಿ ತಗ್ಗಿಸಿ, "ತಪ್ಪು ಅವಂದೂ ಆಯ್ತಲ್ಲ ಬಾಯಿ."

"ಹೌದ್ರಿ. ಮೊದಲು ನಂದು, ಆಮ್ಯಾಲ ಅವರದು. ಅವರ ಕೆಲಸ ಮೂರು ಸಲ ತಿರುಗಿ ಬಂದಿತ್ತು. ಇದು ನಾಲ್ಕನೇದು."

ಮೀರಾಬಾಯಿ ಚಹಾದ ಅಂಗಡಿಯಿಂದ ಕುದಿಯುವ ನೀರು ತರಿಸಿ ಬೋಲ್ಟಿನ ಮೇಲೆ ಸುರಿದಳು. ಹಸಿರು ಬೂಜು ನೊರೆಯಾಗಿ ಕರಗಿ ಹೋಯಿತು. ಚಾಕುವಿನಿಂದ ಲೋಹ ಹೊಳೆಯುವ ತನಕ ಕೆರೆದಳು. ವೈರಿನ ಸತ್ತ ತುದಿ ಕತ್ತರಿಸಿ, ಒಳಗಿನ ಕೆಂಪು ತಾಮ್ರ ಬಿಚ್ಚಿ, ಹೊಸ ಕೊಂಡಿ ಹಾಕಿ ಬಿಗಿದಳು. ಸೋಹೇಲ ಸ್ವಿಚ್ಚು ಒತ್ತಿದ. ಟಿಕ್ ಎಂದಿತು, ಆಮೇಲೆ ಗುಂಯ್ ಎಂಬ ದೀರ್ಘ ಸದ್ದು. ಅಷ್ಟು ದೊಡ್ಡ ಮೋಟಾರು ಮುದಿ ಎಮ್ಮೆ ಏಳುವ ಹಾಗೆ ತಡೆತಡೆದು ಎದ್ದು, ಒಣಗಿದ ಬಳ್ಳಿ ಇನ್ನೂ ಸುತ್ತಿಕೊಂಡಿದ್ದ ಪಂಖಾವನ್ನು ಆಕಾಶಕ್ಕೆ ತೋರಿಸಿ ನಿಂತಿತು. ಸೋಹೇಲ ಅತ್ತ. ಮೀರಾಬಾಯಿ ಆ ಬಳ್ಳಿಯನ್ನು ಬೆರಳಿನಿಂದ ಬಿಡಿಸಿ ತೆಗೆದಳು. ಎರಡು ನಿಮಿಷದ ಕೆಲಸವಾಗಿತ್ತು.

ಆ ಮಾತೂ ಹೆದ್ದಾರಿಗೆ ಬಂತು. ಕೆಲವು ಹೆಂಗಸರು ಆಕೆಯ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಪೂನಂ ಒಂದು ತಿಂಗಳು ಫೋನು ಮಾಡಲಿಲ್ಲ. ಮಾಡಿದಾಗ ಅತ್ತಳು, ಆಮೇಲೆ ತಾಯಿಗೆ ಊಟ ಆಯಿತೇ ಎಂದು ಕೇಳಿದಳು. ದೂರದ ಡ್ರೈವರುಗಳು ಇನ್ನೂ ಸುದ್ದಿ ತಿಳಿಯದೆ ಪಂಡರಿಯನ್ನು ಕೇಳಿಕೊಂಡು ಬರುತ್ತಾರೆ. ಆಕೆ ಅವರನ್ನು ಕೂರಿಸಿ, ನೀರು ಕೊಟ್ಟು, ನಾಲ್ಕನ್ನೂ ಹೇಳುತ್ತಾಳೆ. ಹಾಲಿನ ಗಾಡಿ, ಬ್ಯಾಂಡಿನ ಜನರೇಟರು, ಅಣ್ಣನ ಟ್ರ್ಯಾಕ್ಟರು, ದೋಣಿ. ಕಡೆಯದನ್ನು ಹೇಳುವಾಗ ದನಿ ಬದಲಿಸುವುದಿಲ್ಲ.

"ಮೂರು ಸಾಕಾಗಿತ್ತು ಮೀರಾಬಾಯಿ," ಎಂದ ಸಲಾವುದ್ದೀನ್ ಒಮ್ಮೆ. ಅವನು ನಗುತ್ತಿರಲಿಲ್ಲ.

"ನಾಕು ಅವ ಚಾಚಾ. ಮೂರು ಹ್ಯಾಂಗ ಹೇಳ್ಲಿ?"

ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವರ ಕುಲವೊಂದಿದೆ. ಅವರು ಸಾಮಾನ್ಯವಾಗಿ ಮಾತಿಗೆ ಸಿಗುವವರಲ್ಲ, ಹಬ್ಬಕ್ಕೆ ಆಗುವವರಲ್ಲ, ಜೊತೆಗೆ ಬಾಳಲು ಸುಲಭವಂತೂ ಅಲ್ಲವೇ ಅಲ್ಲ. ಯಾವುದನ್ನೂ ಸುಮ್ಮನೆ ಒಪ್ಪುವುದಿಲ್ಲ, ಯಾರ ಮಾತನ್ನೂ ಪರೀಕ್ಷಿಸದೆ ನಂಬುವುದಿಲ್ಲ, ತಮ್ಮ ಮಾತನ್ನಂತೂ ಮೊದಲೇ ಇಲ್ಲ. ಇಂಥವರು ಪ್ರೀತಿಸಿದರೆ ಹೇಗೆ ಗೊತ್ತಾಗಬೇಕು? ಅವರು ಬಾಯಿಬಿಟ್ಟು ಹೇಳುವುದಿಲ್ಲ. ಜೀವಮಾನವೆಲ್ಲ ಒಂದೊಂದು ಗಂಟನ್ನೂ ಬಿಚ್ಚಿ ನೋಡಿದವರು ಎಲ್ಲೋ ಒಂದು ಗಂಟನ್ನು ಮಾತ್ರ, ತಪ್ಪೆಂದು ತಿಳಿದೂ, ಬಿಚ್ಚದೆ ಬಿಡುತ್ತಾರೆ. ಅದು ಯಾರು ಹಾಕಿದ ಗಂಟೋ ಅವರಿಗೆ ಅದು ತಿಳಿಯುವುದು ತಡವಾಗಿ. ತಿಳಿದ ಮೇಲೆ ಅದನ್ನು ಇಟ್ಟುಕೊಳ್ಳಲೂ ಆಗದು, ಒಗೆಯಲೂ ಆಗದು.

ಅಂಗಡಿ ಮುಚ್ಚಿಲ್ಲ. ದೊಡ್ಡ ಕೆಲಸ ಬಂದರೆ ಬೇರೆ ಕಡೆ ಕಳಿಸುತ್ತಾಳೆ. ದಿನಾ ಮುಂಜಾನೆ, ಲಾರಿಗಳು ಹೊರಡುವ ಮೊದಲು, ಮೀರಾಬಾಯಿ ಕೊಡದಲ್ಲಿ ನೀರು ಕಾಯಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು, ಧಾಬಾದ ಮುಂದೆ ನಿಂತ ಲಾರಿಗಳ ಬ್ಯಾಟರಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ಟರ್ಮಿನಲ್ಲಿನ ಮೇಲೆ ಬಿಸಿನೀರು ಸುರಿಯುತ್ತಾಳೆ, ಉಜ್ಜುತ್ತಾಳೆ, ಸೆರಗಿನಿಂದ ಒರೆಸಿ ಗ್ರೀಸು ಹಚ್ಚುತ್ತಾಳೆ. ಡ್ರೈವರು ಇನ್ನೂ ಕ್ಯಾಬಿನ್ನಿನಲ್ಲಿ ಮಲಗಿರುತ್ತಾನೆ. ಆಕೆ ಎಬ್ಬಿಸುವುದಿಲ್ಲ. ಪೆಟ್ಟಿಗೆ ಮುಚ್ಚಿ ಮುಂದಿನ ಲಾರಿಗೆ ಹೋಗುತ್ತಾಳೆ.